ಹಟ್ಟಿ ಕೆಲಸಕ್ಕೂ ಬೆಲೆಯಿದೆ: ನಿಮ್ಮ ದುಡಿಮೆ ನಿಮ್ಮ ಹೆಸರಿನಲ್ಲಿ ದಾಖಲಾಗಲಿ



ಅರಂತೋಡು, ತೊಡಿಕಾನ, ಸಂಪಾಜೆ ಕಡೆಯ ಮನೆಗಳಿಗೆ ಚಿಕಿತ್ಸೆಗೆಂದು ಬಂದಾಗ ಪಶುವೈದ್ಯರ ಪ್ರಶ್ನೆಗಳಿಗೆ ಉತ್ತರ ಕೊಡುವವರು ಹೆಚ್ಚಾಗಿ ನೀವೇ. ದನ ಯಾವಾಗ ಬೆದೆಗೆ ಬಂತು, ನಿನ್ನೆ ಎಷ್ಟು ಹಿಂಡಿ ತಿಂದಿತು, ಯಾವ ಮೊಲೆಯಲ್ಲಿ ಹಾಲು ಒಡೆದು ಬರುತ್ತಿದೆ ಎಂಬುದೆಲ್ಲ ನಿಮಗೆ ಗೊತ್ತು. ಆದರೆ ಕಿವಿಯೋಲೆಗೆ ಮಾಲೀಕರ ಹೆಸರು ಕೇಳಿದರೆ ಗಂಡನ ಹೆಸರೋ ಮಾವನ ಹೆಸರೋ ಬರುತ್ತದೆ. ನಿಮ್ಮ ಉದ್ಯೋಗ ಕೇಳಿದರೆ "ಮನೆಯಲ್ಲೇ ಇದ್ದೇನೆ" ಎನ್ನುತ್ತೀರಿ.

ಹೀಗೆ ಮನೆಯಲ್ಲೇ ಇದ್ದು ಮಾಡುವ ಕೆಲಸದ ಬೆಲೆ ಎಷ್ಟು? ಸಂಸಾರ ಸರಿಯಾಗಿ ಸಾಗುವಾಗ ಈ ಪ್ರಶ್ನೆ ಏಳುವುದಿಲ್ಲ. ದಂಪತಿ ಬೇರೆಯಾದಾಗ ಅಥವಾ ಮನೆಯೊಡತಿ ಅಪಘಾತದಲ್ಲಿ ತೀರಿಕೊಂಡಾಗ ನ್ಯಾಯಾಲಯದಲ್ಲಿ ಇದೇ ಮುಖ್ಯ ಪ್ರಶ್ನೆಯಾಗುತ್ತದೆ. ಅದರ ಬಗ್ಗೆ ಈ ಸಲ ತಿಳಿಯೋಣ.

ಮೊದಲು ಲೆಕ್ಕ ಹಾಕೋಣ

ಎರಡು ಕರೆಯುವ ದನ ಇರುವ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಹುಲ್ಲು ಕೊಯ್ದು ತರಲು ಒಂದೂವರೆ ಗಂಟೆ, ಎರಡು ಹೊತ್ತು ಹಟ್ಟಿ ತೊಳೆದು ಸಗಣಿ ತೆಗೆಯಲು ಒಂದು ಗಂಟೆ, ಹಾಲು ಕರೆಯಲು ಮುಕ್ಕಾಲು ಗಂಟೆ, ಸಂಘಕ್ಕೆ ಹಾಲು ಕೊಟ್ಟು ಬರಲು ಮುಕ್ಕಾಲು ಗಂಟೆ. ಒಟ್ಟು 4 ಗಂಟೆ, ಅಂದರೆ ಅರ್ಧ ದಿನದ ಕೆಲಸ.

2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ ರೂ. 370. ಅದರ ಅರ್ಧ ರೂ. 185. ತಿಂಗಳಿಗೆ ರೂ. 5,550, ವರ್ಷಕ್ಕೆ ರೂ. 66,600. ದಿನಕ್ಕೆ 10 ಲೀಟರ್ ಹಾಲು ಹಾಕುವವರಾದರೆ ಪ್ರತಿ ಲೀಟರಿನಲ್ಲಿ ರೂ. 18.50 ನಿಮ್ಮ ಕೂಲಿ. ಹಿಂಡಿ, ಬೈಹುಲ್ಲು, ಔಷಧಿಗಳ ಖರ್ಚು ಕಳೆದು ಉಳಿದದ್ದನ್ನು ನಾವು "ಲಾಭ" ಎನ್ನುತ್ತೇವೆ. ಅದರಲ್ಲಿ ದೊಡ್ಡ ಪಾಲು ನಿಮ್ಮ ಕೊಡದೇ ಉಳಿದ ಕೂಲಿ.

ಇದು ಹಟ್ಟಿಯ ಲೆಕ್ಕ ಮಾತ್ರ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಅಡುಗೆ, ಗುಡಿಸುವುದು, ಬಟ್ಟೆ ಒಗೆಯುವುದು ಮೊದಲಾದ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಪುರುಷರು 97 ನಿಮಿಷ.

ಇನ್ನು ಗೊಬ್ಬರ. ನೀವು ಬಾಚಿದ ಸಗಣಿ ಅಡಿಕೆ ತೋಟಕ್ಕೆ ಹೋಗುತ್ತದೆ. ಹಳದಿ ರೋಗದಿಂದ ತೋಟ ಸೊರಗಿದ ಮನೆಗಳಲ್ಲಿ ಹಾಲಿನ ಹಣವೇ ಆಧಾರವಾಗಿದೆ. ಆದರೂ ತೋಟದ ಪಹಣಿಯಲ್ಲಿ ನಿಮ್ಮ ಹೆಸರು ಇರುವುದು ಅಪರೂಪ.

ನ್ಯಾಯಾಲಯಗಳು ಏನು ಹೇಳಿವೆ?

2021ರ ಜನವರಿ 5ರಂದು ಸುಪ್ರೀಂ ಕೋರ್ಟ್, ದೆಹಲಿಯಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ ದಂಪತಿಯ ಮಕ್ಕಳ ಪರಿಹಾರದ ಪ್ರಕರಣದಲ್ಲಿ, ಗೃಹಿಣಿಯ ಕೆಲಸಕ್ಕೂ ಅಂದಾಜು ಆದಾಯ ನಿಗದಿ ಮಾಡಬೇಕು ಎಂದಿತು. ನಮ್ಮ ಜಿಲ್ಲೆಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಆ ಪೀಠದಲ್ಲಿದ್ದರು. ಹಳ್ಳಿಯ ಹೆಂಗಸರು ಮನೆಗೆಲಸದ ಜೊತೆ ಗದ್ದೆ ಕೆಲಸ ಮಾಡುತ್ತಾರೆ, ದನಕರು ನೋಡಿಕೊಳ್ಳುತ್ತಾರೆ ಎಂಬ ಮಾತು ನ್ಯಾಯಮೂರ್ತಿ ಎನ್.ವಿ. ರಮಣ ಅವರ ಅಭಿಪ್ರಾಯದಲ್ಲಿದೆ.

2024ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಮಕ್ಕಳನ್ನು ಸಾಕುವ ತಾಯಿ ದಿನವಿಡೀ ದುಡಿಯುತ್ತಾಳೆ, ಆಕೆ ಸುಮ್ಮನೆ ಕುಳಿತಿದ್ದಾಳೆ ಎನ್ನಲಾಗದು ಎಂಬ ಅಭಿಪ್ರಾಯದೊಂದಿಗೆ ತಿಂಗಳಿಗೆ ರೂ. 18,000 ಇದ್ದ ಜೀವನಾಂಶವನ್ನು ರೂ. 36,000ಕ್ಕೆ ಏರಿಸಿದರು.

2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಂಡ ಹೊರದೇಶದಲ್ಲಿ ದುಡಿದು ಕಳಿಸಿದ ಹಣದಿಂದ ಕೊಂಡ ಆಸ್ತಿಯಲ್ಲಿ, ಊರಿನಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲು ಇದೆ ಎಂದಿತು. ಈ ತೀರ್ಪು ನಮ್ಮ ರಾಜ್ಯಕ್ಕೆ ಕಡ್ಡಾಯವಲ್ಲ, ಆದರೆ ವಕೀಲರು ಇದನ್ನು ಉದಾಹರಿಸಬಹುದು.

ಮಿತಿಯನ್ನೂ ತಿಳಿದಿರಿ. ಗೋವಾದಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ದಂಪತಿಯ ಆಸ್ತಿ ಇಬ್ಬರಿಗೂ ಸಮಪಾಲು. ಕರ್ನಾಟಕದಲ್ಲಿ ಅಂಥ ಕಾನೂನು ಇಲ್ಲ. ವಿಚ್ಛೇದನವಾದರೆ ಜೀವನಾಂಶ ಕೇಳಬಹುದು, ಆದರೆ ಗಂಡನ ಹೆಸರಿನ ತೋಟ ತಾನಾಗಿಯೇ ಅರ್ಧ ಆಗುವುದಿಲ್ಲ. ಆದ್ದರಿಂದಲೇ ದಾಖಲೆ ಮುಖ್ಯ.

ಈಗಲೇ ಮಾಡಬಹುದಾದ ಕೆಲಸಗಳು

1. ಹಾಲು ಹಾಕುವವರು ನೀವಾದರೆ ಸಂಘದ ಸದಸ್ಯತ್ವವೂ ನಿಮ್ಮ ಹೆಸರಿನಲ್ಲಿರಲಿ. ಸಂಘದಲ್ಲಿ ಮತ ಹಾಕುವ, ಚುನಾವಣೆಗೆ ನಿಲ್ಲುವ ಹಕ್ಕು ಸದಸ್ಯರಿಗೆ ಮಾತ್ರ.

2. ಹಾಲಿನ ಹಣ, ಸರ್ಕಾರದ ಪ್ರೋತ್ಸಾಹಧನ ನಿಮ್ಮದೇ ಬ್ಯಾಂಕ್ ಖಾತೆಗೆ ಬರಲಿ. ಪಾಸ್‌ಬುಕ್ ಆಗಾಗ ಮುದ್ರಿಸಿ ಇಟ್ಟುಕೊಳ್ಳಿ.

3. ನೀವು ಕೊಂಡ ಅಥವಾ ತವರಿನವರು ಕೊಟ್ಟ ದನವಾದರೆ, ಕಿವಿಯೋಲೆಯ 12 ಅಂಕಿಯ ಸಂಖ್ಯೆಯ ಎದುರು ನಿಮ್ಮ ಹೆಸರನ್ನೇ ದಾಖಲಿಸಲು ಹೇಳಿ. ವಿಮೆಯನ್ನೂ ನಿಮ್ಮ ಹೆಸರಿನಲ್ಲೇ ಮಾಡಿಸಿ. ದನ ಸತ್ತರೆ ಪರಿಹಾರ ವಿಮೆ ಮಾಡಿಸಿದವರ ಹೆಸರಿಗೇ ಬರುತ್ತದೆ.

4. ಹಿಂಡಿಯ ಬಿಲ್ಲು, ಸಾಲದ ಕಂತಿನ ರಶೀದಿ, ತವರಿನಿಂದ ಬಂದ ಹಣದ ವಿವರ ಒಂದು ಕಡತದಲ್ಲಿರಲಿ.

"ನನ್ನ ಖಾತೆಗೆ ಹಾಲಿನ ಹಣ ಬಂದರೆ ಮುಂದೆ ಜೀವನಾಂಶ ಸಿಗುವುದಿಲ್ಲವೇ?" ಎಂಬ ಭಯ ಕೆಲವರಿಗಿದೆ. ಹೆಂಡತಿಗೆ ಸಂಪಾದನೆ ಇದೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಮೊತ್ತ ನಿಗದಿ ಮಾಡುವಾಗ ನಿಮ್ಮ ಆದಾಯವನ್ನೂ ನೋಡುತ್ತಾರೆ, ಅಷ್ಟೆ. ಅದೇ ತೀರ್ಪಿನಂತೆ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಆಗ ಮೇಲಿನ ಕಡತ ಉಪಯೋಗಕ್ಕೆ ಬರುತ್ತದೆ.

ಇದನ್ನೆಲ್ಲ ಮಾಡುವುದು ಗಂಡನ ಮೇಲಿನ ಅಪನಂಬಿಕೆ ಅಲ್ಲ. ಇಬ್ಬರೂ ಕೂತು ಮಾತಾಡಿ, ಅವರ ಒಪ್ಪಿಗೆಯಿಂದಲೇ ಮಾಡಬಹುದಾದ ಕೆಲಸ ಇದು. ದನಕ್ಕೆ ವಿಮೆ ಮಾಡಿಸುವುದು ಅದು ಆರೋಗ್ಯವಾಗಿರುವಾಗಲೇ ಅಲ್ಲವೇ? ಕಾಯಿಲೆ ಬಿದ್ದ ಮೇಲೆ ಯಾವ ಕಂಪನಿಯೂ ವಿಮೆ ಕೊಡುವುದಿಲ್ಲ.

ಕಾನೂನಿನ ಸಲಹೆ ಬೇಕಿದ್ದರೆ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಸುಳ್ಯದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.