ಭಯದ ಚಿತ್ರ ಬರೆಯುವ ಹುಡುಗಿಗೆ



ನಿನ್ನ ಕಾಗದವೂ ಅದರೊಡನೆ ಚಿತ್ರಪುಟಗಳ ಕಟ್ಟೂ ಕೈಸೇರಿದುವು. ಅದಕ್ಕೆ ಮುಂಚೆಯೇ ನಿನ್ನ ತಂದೆ ದೂರವಾಣಿಯಲ್ಲಿ ಮಾತನಾಡಿ, ನೀನು ಈ ತಿಂಗಳ ಕೊನೆಗೆ ಕೆಲಸಕ್ಕೆ ರಾಜೀನಾಮೆ ಕೊಡಲಿರುವ ಸಂಗತಿಯನ್ನು ಹೇಳಲಾರದೆ ಹೇಳಿದ್ದ. ನಿನ್ನ ಕಾಗದದಲ್ಲಾದರೋ ಆ ಮಾತು ಕಟ್ಟಕಡೆಯ ಸಾಲಿನಲ್ಲಿ, ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ಬಂದಿದೆ. ಓದಿ ಕಳವಳವಾಯಿತು, ಸಿಟ್ಟೂ ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ನಿನ್ನಂತೆಯೇ ರಾತ್ರಿಯೆಲ್ಲ ದೀಪವುರಿಸಿಕೊಂಡು ಇದೇ ಬಗೆಯ ಕಥೆಗಳನ್ನು ಬರೆಯುತ್ತಿರುವ ತರುಣರು ಅನೇಕರಿದ್ದಾರೆಂದು ನೀನೇ ತಿಳಿಸಿರುವೆಯಾದ್ದರಿಂದ, ಈ ಉತ್ತರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ನಿನ್ನ ಹೆಸರನ್ನು ಎಲ್ಲಿಯೂ ಹೇಳಿಲ್ಲ.

ನೀನು ಗುರುವೆಂದು ಭಾವಿಸಿರುವ ಜಪಾನಿನ ಚಿತ್ರಕಾರ ಜುಂಜಿ ಇಟೊ ಎಂಬಾತನ ‘ಉಝುಮಾಕಿ’ಯನ್ನು, ಕಳೆದ ಬೇಸಗೆಯಲ್ಲಿ ನೀನು ಇಲ್ಲಿ ಬಿಟ್ಟುಹೋದ ಪ್ರತಿಯಲ್ಲಿಯೇ, ಆದ್ಯಂತವಾಗಿ ಓದಿದ್ದೇನೆ. ಸುರುಳಿಯ ಆಕಾರವೊಂದು ಇಡಿಯ ಊರನ್ನೇ ಹಿಡಿದು ಮನುಷ್ಯರ ದೇಹವನ್ನೂ ಬುದ್ಧಿಯನ್ನೂ ತಿರುಚುವ ಆ ಕಥೆ 1998ರಲ್ಲಿ ಅಲ್ಲಿನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಆರಂಭವಾಯಿತಷ್ಟೆ. ಅದು ಅಗ್ಗದ ಬೆದರಿಕೆಯ ಪುಸ್ತಕವೆಂದು ನಿನ್ನ ತಂದೆ ತಿಳಿದಿರಬಹುದು. ನಾನು ಹಾಗೆ ತಿಳಿದಿಲ್ಲ. ಅಷ್ಟು ಸೂಕ್ಷ್ಮವಾದ ರೇಖಾವಿನ್ಯಾಸವನ್ನು, ಅಷ್ಟು ಸಾಧಾರಣವಾದ ಬೀದಿ, ಮನೆ, ಶಾಲೆಗಳ ನಡುವೆ ಅಸಂಭಾವ್ಯವನ್ನು ತಂದು ನಿಲ್ಲಿಸುವ ಧೈರ್ಯವನ್ನು, ಚಿತ್ರಕಲೆಯ ಗಂಧವುಳ್ಳವರಾರೂ ಅಲ್ಲಗಳೆಯಲಾರರು. ಆದಕಾರಣ ನನ್ನ ಆಕ್ಷೇಪ ನಿನ್ನ ಗುರುವಿನ ಮೇಲಲ್ಲ, ನೀನು ಆತನಿಂದ ಕಲಿತುಕೊಂಡ ಪಾಠದ ಮೇಲೆ.

ಆತ ಹುಟ್ಟಿದ್ದು 1963ರಲ್ಲಿ, ಜಪಾನಿನ ಗಿಫು ಪ್ರಾಂತದಲ್ಲಿ. ಅಕ್ಕಂದಿರು ಓದುತ್ತಿದ್ದ ಪತ್ರಿಕೆಗಳಲ್ಲಿ ಕಜುಓ ಉಮೆಜು ಎಂಬ ಹಿರಿಯ ಚಿತ್ರಕಾರನ ಭೀಕರ ಕಥೆಗಳನ್ನು ತೀರ ಎಳವೆಯಲ್ಲಿಯೇ ಕಂಡು ಮರುಳಾದವನು. ಆದರೆ ಆತನ ಭಯ ಪುಸ್ತಕದಿಂದ ಮಾತ್ರ ಬಂದುದಲ್ಲ. ಬಾಲ್ಯದ ಮನೆಯ ಶೌಚಗೃಹ ನೆಲದೊಳಗಿನ ಸುರಂಗದಂಥ ಕತ್ತಲ ಓಣಿಯ ಕೊನೆಯಲ್ಲಿದ್ದಿತಂತೆ. ಜೇಡನಂತೆ ನೀಳವಾದ ಕಾಲಿನ ಹುಳುಗಳು ಅಲ್ಲಿ ನೆಗೆದಾಡುತ್ತಿದ್ದುವಂತೆ. ಶಾಲೆಯ ಸಹಪಾಠಿಯೊಬ್ಬ ಅಪಘಾತದಲ್ಲಿ ತೀರಿಕೊಂಡಾಗ, ನಿನ್ನೆ ಇದ್ದವನು ಇಂದು ಇಲ್ಲವೆಂಬುದನ್ನು ಮನಸ್ಸು ಒಪ್ಪದೆ, ಆತ ಮತ್ತೆ ಎಲ್ಲಿಂದಲೋ ಬಂದೇ ಬರುವನೆಂದು ತೋರುತ್ತಿದ್ದಿತಂತೆ. ಎಷ್ಟು ಬಾರಿ ಕೊಂದರೂ ಮರಳಿ ಬರುವ ತೊಮಿಎ ಎಂಬ ಹುಡುಗಿ ಆ ನೆನಪಿನಿಂದ ಹುಟ್ಟಿದಳು. ಕಡಿದ ಬಾಲ ಮತ್ತೆ ಬೆಳೆಯುವ ಹಲ್ಲಿಯ ವಿಚಾರವೂ ಅದರೊಡನೆ ಕೂಡಿಕೊಂಡಿತು. ಸುರುಳಿಯ ವಿಷಯವೂ ಹಾಗೆಯೇ. ಅವರ ನಾಡಿನ ಹಾಸ್ಯಚಿತ್ರಗಳಲ್ಲಿ ಅದು ಮಕ್ಕಳ ಕೆನ್ನೆಯ ಮೇಲೆ ಬರೆಯುವ ನಲಿವಿನ ಗುರುತು. ಅದನ್ನೇ ಭಯಂಕರವಾಗಿ ಮಾಡಬಹುದೆ ಎಂದು ಯೋಚಿಸಿದ ಇಟೊ, ಸೊಳ್ಳೆಬತ್ತಿಯನ್ನೂ, ಸ್ನಾನದ ತೊಟ್ಟಿಯ ನೀರು ಸುತ್ತಿಕೊಂಡು ಇಳಿಯುವುದನ್ನೂ, ಬಸವನಹುಳುವನ್ನೂ ಕುಳಿತು ನೋಡಿದ. ತನ್ನ ಮನೆಯ ಬಚ್ಚಲಿನಲ್ಲಿ ಆತ ಕಂಡುದನ್ನು ನೀನು ನಿನ್ನ ಪುಟಗಳಿಗೆ ಎತ್ತಿಕೊಂಡಿದ್ದೀಯೆ. ನಿನ್ನ ಮನೆಯ ಬಚ್ಚಲು ಎಲ್ಲಿ?

ಈ ಮಾತನ್ನು ಹೇಳುವಾಗ ನನ್ನ ಹುಡುಗತನ ಎದುರಿಗೆ ಬಂದು ನಿಲ್ಲುತ್ತದೆ. ಘಟ್ಟದ ಕೆಳಗಿನ ನಮ್ಮ ಊರಿನಲ್ಲಿ, ಕೊಯ್ಲಾಗಿ ಒಣಗಿದ ಗದ್ದೆಯಲ್ಲಿ, ಯಕ್ಷಗಾನ ಮೇಳದವರ ಆಟ ರಾತ್ರಿಯಿಡೀ ನಡೆಯುತ್ತಿದ್ದಿತು. ನನಗೆ ಭಾಗವತರ ಹಾಡಿಗಿಂತ ವೇಷ ಕಟ್ಟುವ ಚೌಕಿಯ ಆಕರ್ಷಣೆ ಹೆಚ್ಚು. ಬಣ್ಣದ ವೇಷದ ಹಿರಿಯರೊಬ್ಬರು ದೀಪದ ಮುಂದೆ ಕನ್ನಡಿ ಹಿಡಿದು ಕುಳಿತು, ಅಕ್ಕಿಹಿಟ್ಟಿಗೆ ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಿಂದ ಕೆನ್ನೆಯ ಮೇಲೆ ಸಾಲುಸಾಲಾಗಿ ಇಡುತ್ತಿದ್ದರು. ಅವಸರವೆಂಬುದಿಲ್ಲ, ನಡುವೆ ಎಲೆಯಡಿಕೆ, ನಡುವೆ ನನ್ನನ್ನು ಕುರಿತು ಯಾರ ಮನೆಯ ಹುಡುಗ, ಊಟವಾಯಿತೆ ಎಂಬ ವಿಚಾರಣೆ. ಆ ಮುಖ ಗಂಟೆಗಟ್ಟಲೆ ಬೆಳೆಯುತ್ತ, ಮನುಷ್ಯನ ಮುಖದಿಂದ ಮೆಲ್ಲಮೆಲ್ಲನೆ ದೂರವಾಗುತ್ತ ಹೋಗುವುದನ್ನು ಕಣ್ಣಾರೆ ಕಂಡಿದ್ದೆ. ಆದರೂ ನಡುರಾತ್ರಿ ಕಳೆದು ಚೆಂಡೆಯ ಗತಿ ಏರಿ, ತೆರೆ ಹಿಡಿದು, ಅದರ ಹಿಂದಿನಿಂದ ಆ ಅಟ್ಟಹಾಸ ಹೊರಟು, ಮೊದಲು ಕಿರೀಟದ ಅಂಚು ಮಾತ್ರ, ಬಳಿಕ ತೆರೆಯನ್ನು ಹಿಡಿದ ಬೆರಳು ಮಾತ್ರ ಕಾಣಿಸಿ, ದೀವಟಿಗೆಗೆ ಎರಚಿದ ರಾಳದ ಹುಡಿ ಭುಗ್ಗೆಂದು ಉರಿದ ಕ್ಷಣದಲ್ಲಿ ತೆರೆ ಸರಿದಾಗ, ಅಕ್ಕಿಹಿಟ್ಟೆಂದು ಬಲ್ಲ ನಾನೇ ಎಲ್ಲರಿಗಿಂತ ಮೊದಲು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ. ಮಾಡುವ ರೀತಿಯನ್ನು ಬಲ್ಲವನಿಗೂ ಭಯ ತಪ್ಪಿದುದಲ್ಲ. ಬಹುಶಃ ಬಲ್ಲವನಿಗೇ ಅದು ಅಧಿಕ.

ನೀನು ನನಗೆ ವಿವರಿಸಿದ ಪುಟ ತಿರುವಿನ ರಹಸ್ಯ, ಅಂದರೆ ಭೀಕರವಾದ ದೊಡ್ಡ ಚಿತ್ರವನ್ನು ಎದುರಿನ ಪುಟದಲ್ಲಿಡದೆ, ಓದುಗ ತನ್ನ ಕೈಯಿಂದಲೇ ಹಾಳೆ ಮಗುಚಿ ಕಾಣುವಂತೆ ಮಾಡುವ ಆ ತಂತ್ರ, ನಮ್ಮ ತೆರೆಯ ಕುಣಿತಕ್ಕಿಂತ ಬೇರೆಯಾದುದಲ್ಲ. ಇಟೊ ಅದನ್ನು ಬಲ್ಲ. ನಿನ್ನ ಪುಟಗಳಲ್ಲಾದರೋ ರಾಕ್ಷಸ ಮೊದಲ ಹಾಳೆಯಲ್ಲಿಯೇ ತೆರೆಯಿಲ್ಲದೆ ರಂಗಸ್ಥಳಕ್ಕೆ ಬಂದುಬಿಟ್ಟಿದ್ದಾನೆ.

ಇನ್ನು ಉದ್ಯೋಗದ ವಿಚಾರ. ಎರಡು ಪಕ್ಷಗಳನ್ನೂ ತೂಗಿ ನೋಡುವುದು ನ್ಯಾಯ, ನೋಡುತ್ತೇನೆ. ಜಪಾನಿನ ಇನ್ನೊಬ್ಬ ಚಿತ್ರಕಾರ ಶಿಗೆರು ಮಿಜುಕಿ ಎಂಬಾತನ ಹೆಸರನ್ನು ನೀನು ಹೇಳಿರುವೆ. 1922ರಲ್ಲಿ ಹುಟ್ಟಿ, ಸಮುದ್ರತೀರದ ಸಕಾಇಮಿನಾತೊ ಎಂಬ ಊರಿನಲ್ಲಿ ಬೆಳೆದು, ನೆರೆಯ ಮುದುಕಿಯೊಬ್ಬಳು ಹೇಳಿದ ದೆವ್ವಪಿಶಾಚಿಗಳ ಕಥೆಗಳನ್ನು ಎದೆಯಲ್ಲಿಟ್ಟುಕೊಂಡು, ಸೈನಿಕನಾಗಿ ರಬೌಲಿಗೆ ಹೋಗಿ, ಅಲ್ಲಿ ಬಾಂಬಿನ ದಾಳಿಯಲ್ಲಿ ಎಡಗೈಯನ್ನು ಕಳೆದುಕೊಂಡು ಬಂದು, ಉಳಿದ ಒಂದೇ ಕೈಯಿಂದ ಬಾಡಿಗೆ ಪುಸ್ತಕಗಳಿಗೆ ಚಿತ್ರ ಬರೆದು ಬದುಕಿದವನು ಆತ. ಆ ಪುಸ್ತಕಗಳಿಗೆ ಇಳಿದ ಮೇಲೆ ಆತ ಬೇರೆ ಉದ್ಯೋಗವನ್ನು ಹಿಡಿದುಕೊಂಡು ಕಾಯಲಿಲ್ಲ. ಆ ದಾರಿಯೂ ಉಂಟು, ಅದರಲ್ಲಿ ನಡೆದು ಗೆದ್ದವರೂ ಉಂಟು. ಆದರೆ ವರ್ಷಾನುವರ್ಷ ಆ ಮನೆಯಲ್ಲಿ ದಾರಿದ್ರ್ಯ ಕುಳಿತಿದ್ದುದನ್ನೂ, ಅದರ ಭಾರವನ್ನು ಆತನ ಹೆಂಡತಿ ಹೊತ್ತುದನ್ನೂ ಮರೆತು ಆತನ ಕೀರ್ತಿಯನ್ನು ಮಾತ್ರ ಹೇಳುವುದು ಸರಿಯಲ್ಲ. ಯುದ್ಧದ ಭಯವನ್ನು ಕಂಡು ಬಂದವನಿಗೆ ಬಡತನ ಹೆದರಿಕೆಯ ವಸ್ತುವಾಗಿರಲಿಲ್ಲವೇನೊ, ನಿನಗೆ ಹಾಗಲ್ಲ.

ಇಟೊ ಏನು ಮಾಡಿದ? ಹಲ್ಲಿನ ತಂತ್ರಜ್ಞನಾಗಿ, ಕೃತಕ ದಂತಗಳನ್ನು ರೂಪಿಸುವ ಕೆಲಸದಲ್ಲಿದ್ದುಕೊಂಡೇ ಚಿತ್ರ ಬರೆದ. 1987ರಲ್ಲಿ, ಉಮೆಜು ತೀರ್ಪುಗಾರನಾಗಿದ್ದ ಸ್ಪರ್ಧೆಗೆ ಕಳುಹಿಸಿದ ‘ತೊಮಿಎ’ಗೆ ಮನ್ನಣೆ ಬಂದಿತು. ಮನ್ನಣೆ ಬಂದೊಡನೆಯೂ ಆತ ಕೆಲಸ ಬಿಡಲಿಲ್ಲ. ಎರಡನ್ನೂ ಹೊತ್ತು ನಡೆದು, ಎರಡೂ ಕೂಡಿ ಸಾಗವೆಂದು ಕಂಡ ಬಳಿಕ ಬಿಟ್ಟ. ನೀನು ಗುರುವಿನ ಜೀವನದಲ್ಲಿ ಕೊನೆಯ ಹೆಜ್ಜೆಯನ್ನು ಮೊದಲು ಇಡಲು ಹೊರಟಿದ್ದೀಯೆ. ನಮ್ಮಲ್ಲಿಯೂ ನೋಡು: ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ‘ಚಂದಮಾಮ’ದಲ್ಲಿ ನಮ್ಮ ತಲೆಮಾರಿನ ಕಣ್ಣಿಗೆ ಕಟ್ಟಿಸಿದ ಶಂಕರ್, ಅರ್ಧ ಶತಮಾನಕ್ಕೂ ಮಿಕ್ಕಿ ಅದೇ ಪತ್ರಿಕೆಯ ನೌಕರಿಯಲ್ಲಿದ್ದರು. ತಿಂಗಳ ಸಂಬಳ ಬಂದಿತೆಂದು ಬೇತಾಳನ ಕಣ್ಣು ಮಂಕಾಗಲಿಲ್ಲ.

ನನ್ನ ಜೀವನವೂ ಹೀಗೆಯೇ ನಡೆಯಿತು. ಹಗಲು ಮೋಜಣಿ ಕಚೇರಿಯಲ್ಲಿ ನಕ್ಷೆಯ ಕೆಲಸ. ಬಟ್ಟೆಯ ಮೇಲೆ ಹಳ್ಳ, ದಿಣ್ಣೆ, ಗಡಿಕಲ್ಲುಗಳನ್ನು ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ನಕಲಿಳಿಸಬೇಕು. ಕೈ ನಡುಗಿದರೆ ಯಾರದೋ ಗದ್ದೆಯ ಎಲ್ಲೆ ಪಕ್ಕದವನ ಗದ್ದೆಯೊಳಕ್ಕೆ ಸರಿಯುತ್ತದೆ. ರಾತ್ರಿ ಪತ್ರಿಕೆಗಳಿಗೆ ಚಿತ್ರ. ವಿಶೇಷಾಂಕದ ಕಾಲದಲ್ಲಿ ಪತ್ತೇದಾರಿ ಕಥೆ, ದೆವ್ವದ ಕಥೆಗಳಿಗೆ ಬೇಡಿಕೆ ಹೆಚ್ಚು. ಅವೆಲ್ಲ ನನ್ನ ಪಾಲಿಗೆ ಬರುತ್ತಿದ್ದುವು. ಆಗ ಚಿತ್ರವನ್ನು ಸತುವಿನ ತಗಡಿನ ಮೇಲೆ ಬ್ಲಾಕ್ ಮಾಡಿಸಿ ಅಚ್ಚಿಗೆ ಹಾಕುತ್ತಿದ್ದರು. ಕತ್ತಲೆಯನ್ನು ತೋರಿಸಲು ಗೆರೆಗಳನ್ನು ಒತ್ತಾಗಿ ಎಳೆದರೆ ಅಗ್ಗದ ಕಾಗದದಲ್ಲಿ ಮಸಿ ಹರಡಿ ಎಲ್ಲವೂ ಕಪ್ಪು ಮುದ್ದೆಯಾಗುವುದು. ಗೆರೆಗೂ ಗೆರೆಗೂ ನಡುವೆ ಎಷ್ಟು ಬಿಳುಪನ್ನು ಬಿಟ್ಟರೆ ಕತ್ತಲೆ ಜೀವಂತವಾಗಿ ಉಳಿಯುವುದೆಂಬುದನ್ನು ನಾನು ಹೀಗೆ ಕಲಿತೆ. ಒಂದು ಪತ್ರಿಕೆ ಹಣ ಕೊಡದೆ ನಿಂತುಹೋಯಿತು. ಇನ್ನೊಂದರ ಸಂಪಾದಕರು ದೆವ್ವಕ್ಕೆ ಕೋರೆಹಲ್ಲು ಇರಲೇಬೇಕೆಂದು ಹಟ ಹಿಡಿದರು. ಆ ಹಲ್ಲನ್ನು ಬರೆಯಲಾರೆನೆಂದು ಹೇಳಿ ಚಿತ್ರವನ್ನು ಹಿಂದಕ್ಕೆ ತರುವ ಸ್ವಾತಂತ್ರ್ಯ ನನಗಿದ್ದಿತು, ಏಕೆಂದರೆ ಮರುದಿನದ ಅಕ್ಕಿ ಆ ಚಿತ್ರದಿಂದ ಬರಬೇಕಾಗಿರಲಿಲ್ಲ. ಕೆಲಸ ಬಿಟ್ಟು ಮಹಾನಗರಕ್ಕೆ ಹೋದ ನನ್ನ ಗೆಳೆಯ, ಕೈಯಲ್ಲಿ ನನಗಿಂತ ಎಷ್ಟೋ ಮೇಲಾದವನು, ಕೇಳಿದವರಿಗೆ ಕೇಳಿದ ಹಲ್ಲನ್ನು ಬರೆದುಕೊಡುತ್ತ ಹೋಗಿ, ಕಡೆಗೆ ತನ್ನ ಗೆರೆ ಯಾವುದೆಂದು ತನಗೇ ತಿಳಿಯದಂತಾಗಿ ಕುಂಚವನ್ನೇ ಬಿಟ್ಟ. ಆತನನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ನಿನ್ನ ಕಾಗದವನ್ನು ಓದಿ ನನಗೆ ಸಿಟ್ಟು ಬಂದುದು ಆತನ ನೆನಪಿನಿಂದಲೇ ಇರಬೇಕು.

ಈಗ ನಿನ್ನ ಪುಟಗಳು. ನಿಷ್ಠುರವಾಗಿ ಹೇಳುತ್ತೇನೆ, ತಾಳಿಕೊ. ಜಪಾನಿನ ಶಾಲೆಯ ಓಣಿ, ಜಪಾನಿನ ಹುಡುಗಿಯ ಸಮವಸ್ತ್ರ, ಜಪಾನಿನ ಮಳೆ. ಆ ಓಣಿಯಲ್ಲಿ ನೀನು ಒಂದು ದಿನವಾದರೂ ಹೆದರಿದ್ದೀಯಾ? ಹೆದರದೆ ಬರೆದ ಭಯವನ್ನು ಯಾರು ನಂಬಬೇಕು? ಓದು, ಬುದ್ಧಿ, ಕೈಯ ಓಟ ಎಲ್ಲವನ್ನೂ ಪಡೆದವಳು, ಇನ್ನೊಬ್ಬನ ದುಃಸ್ವಪ್ನವನ್ನು ಎರವಲು ತಂದು, ಅದರ ಬಲದ ಮೇಲೆ ಅನ್ನದ ದಾರಿಯನ್ನು ಕಡಿದುಕೊಳ್ಳಲು ಹೊರಟರೆ ಅದನ್ನು ಸಾಹಸವೆಂದು ಹೊಗಳಲು ನನ್ನಿಂದಾಗದು.

ನಿನ್ನ ಅಜ್ಜಿ ತೀರಿಕೊಂಡಾಗ ನೀನು ಚಿಕ್ಕವಳು. ಹಿತ್ತಿಲಿನಲ್ಲಿ ಪಿಂಡವನ್ನಿಟ್ಟು ಎಲ್ಲರೂ ಕಾಗೆಗಾಗಿ ಕಾಯುತ್ತಿದ್ದೆವು. ಕಾಗೆ ಬಂದು ಮಾವಿನ ಕೊಂಬೆಯಲ್ಲಿ ಕುಳಿತಿತಾದರೂ ಕೆಳಗಿಳಿಯಲೊಲ್ಲದು. ನೀನು ನನ್ನ ಪಂಚೆಯ ತುದಿ ಹಿಡಿದು, ಅದು ಅಜ್ಜಿಯೆ, ನನ್ನನ್ನೇ ಏಕೆ ನೋಡುತ್ತಿದೆ, ಎಂದು ಕೇಳಿದೆ. ಆ ರಾತ್ರಿಯಿಂದ ಬಹುಕಾಲ ಹಿತ್ತಿಲ ಕಡೆಯ ಕಿಟಕಿಯನ್ನು ನೀನು ತೆರೆಯಗೊಡುತ್ತಿರಲಿಲ್ಲ. ಸತ್ತ ಗೆಳೆಯ ತರಗತಿಗೆ ಬಂದಾನೆಂದು ಕಾದ ಜಪಾನಿನ ಹುಡುಗನಿಗೂ, ಕಾಗೆಯ ಕಣ್ಣಿನಲ್ಲಿ ಅಜ್ಜಿಯನ್ನು ಕಂಡ ನಿನಗೂ ಅಂತರವೇನು? ಆತ ಅದನ್ನು ಬರೆದ. ನೀನು ಇನ್ನೂ ಬರೆದಿಲ್ಲ. ಬೆಂಗಳೂರಿನ ಸುತ್ತಿನ ಹಳ್ಳಿಗಳ ಬಾಗಿಲುಗಳ ಮೇಲೆ, ದೆವ್ವ ಒಳಗೆ ಬಾರದಿರಲೆಂದು, ‘ನಾಳೆ ಬಾ’ ಎಂದು ಬರೆದಿರುತ್ತಿದ್ದ ಕಾಲವನ್ನು ನಿನ್ನ ತಾಯಿ ಬಲ್ಲಳು, ಅವಳನ್ನು ಕೇಳು. ನಿನ್ನ ಕಚೇರಿಯಲ್ಲಿಯೇ, ರಾತ್ರಿಪಾಳಿಯಲ್ಲಿ ಎಲ್ಲರೂ ಹೊರಟುಹೋದ ಮೇಲೆ ತಾನಾಗಿ ಹೊತ್ತಿಕೊಳ್ಳುವ ದೀಪಗಳ ವಿಷಯವನ್ನು ಒಮ್ಮೆ ನಗುತ್ತ ಹೇಳಿದ್ದೆಯಲ್ಲ, ಆಗ ನಿನ್ನ ಕಣ್ಣಿನಲ್ಲಿ ನಗುವಿರಲಿಲ್ಲ. ಆ ಕೆಲಸವನ್ನು ಬಿಡಬೇಡವೆಂದು ನಾನು ಹೇಳುವುದು ಸಂಬಳಕ್ಕಾಗಿ ಮಾತ್ರವಲ್ಲ.

ಒಂದು ಸಂದೇಹ ನಿನ್ನನ್ನು ಕಾಡುತ್ತಿದೆಯೆಂದು ಸಾಲುಗಳ ನಡುವೆ ಕಾಣುತ್ತದೆ. ಇಂಥದನ್ನೇ ಸದಾ ಧ್ಯಾನಿಸುವವಳ ಮನಸ್ಸು ಕೆಡುವುದೆಂದು ಮನೆಯಲ್ಲಿ ಯಾರೋ ಆಡಿರಬೇಕು. ಆ ಮಾತಿಗೆ ಕಿವಿಗೊಡಬೇಡ. ಮನುಷ್ಯದೇಹವನ್ನು ಅಷ್ಟು ಘೋರವಾಗಿ ತಿರುಚಿದ ಇಟೊ, ಹೆಂಡತಿ ಮನೆಗೆ ತಂದ ಎರಡು ಬೆಕ್ಕುಗಳೊಡನೆ ತಾನು ಪಟ್ಟ ಪಾಡನ್ನು ಕುರಿತು ಒಂದು ಅಕ್ಕರೆಯ ಪುಸ್ತಕವನ್ನೇ ಬರೆದಿದ್ದಾನೆ. ಚೌಕಿಯಲ್ಲಿ ನನಗೆ ಊಟವಾಯಿತೆ ಎಂದು ಕೇಳಿದ ಬಣ್ಣದ ವೇಷದವರಷ್ಟು ಸೌಮ್ಯರನ್ನು ನಾನು ಮತ್ತೆ ಕಂಡಿಲ್ಲ. ಕೆಟ್ಟುಹೋಗುವುದು ನಿದ್ರೆ ಮತ್ತು ಕಣ್ಣು, ಅವೆರಡನ್ನು ನೋಡಿಕೊ.

ರಾಜೀನಾಮೆಯನ್ನು ಒಂದು ವರ್ಷ ಮುಂದಕ್ಕೆ ಹಾಕು. ನಿರ್ಣಯ ನಿನ್ನದೇ, ಒಂದು ವರ್ಷವಾದ ಮೇಲೆ ಬಿಟ್ಟೆಯಾದರೆ ನಾನು ಅಡ್ಡ ಬರುವುದಿಲ್ಲ, ನಿನ್ನ ತಂದೆ ಅಡ್ಡ ಬರದಂತೆಯೂ ನೋಡಿಕೊಳ್ಳುತ್ತೇನೆ. ಅಷ್ಟರೊಳಗೆ ಕಾಗೆಯ ಕಥೆ ಮುಗಿಯಲಿ. ಅದರ ಮೊದಲ ಪುಟಗಳನ್ನು ನವರಾತ್ರಿಗೆ ಬರುವಾಗ ತಾ. ಮಸಿಯಲ್ಲಿ ಬರೆದುದು ಬೇಡ, ಸೀಸದ ಕಡ್ಡಿಯಲ್ಲಿದ್ದರೆ ತಿದ್ದಲು ಅನುಕೂಲ. ಕಾಗೆ ಮೂರನೆಯ ಹಾಳೆಯವರೆಗೂ ಕಾಣಿಸದಿರಲಿ. ಹಿತ್ತಿಲ ಮಾವಿನ ಮರ ಇನ್ನೂ ಇದೆ, ಕುಳಿತು ನೋಡಿ ಬರೆಯಬಹುದು. ನಿನ್ನ ದೊಡ್ಡಮ್ಮ ಮೇಜನ್ನು ಕಿಟಕಿಯ ಬಳಿಗೆ ಸರಿಸಿಡುತ್ತೇನೆಂದಿದ್ದಾಳೆ.

ಇಂತು,
ನಿನ್ನ ದೊಡ್ಡಪ್ಪ