ಮಾಹಿತಿ ಮತ್ತು ಮನುಷ್ಯ: ಸನ್ನತಿ–ನಾಗಾವಿಯ ದಾರಿಯಲ್ಲಿ ಒಂದು ಪರಿಚಯ

ಒಂದು ಸಣ್ಣ ಆಟದಿಂದ ಆರಂಭಿಸೋಣ. ಎಂಟು ಊರುಗಳ ಹೆಸರು ಹೇಳುತ್ತೇನೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಮಳಖೇಡ, ನಾಗಾವಿ, ಸನ್ನತಿ. ಇವುಗಳಲ್ಲಿ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನೀವು ಪ್ರಶ್ನೆ ಕೇಳಬೇಕು. ನಾನು ‘ಹೌದು’ ಅಥವಾ ‘ಅಲ್ಲ’ ಎಂದಷ್ಟೇ ಹೇಳುತ್ತೇನೆ. ‘ಮೊದಲ ನಾಲ್ಕರಲ್ಲಿ ಇದೆಯೆ?’ ಎಂದು ಕೇಳಿ. ಉತ್ತರ ಯಾವುದಾದರೂ ಸರಿ, ಎಂಟು ಊರು ನಾಲ್ಕಕ್ಕೆ ಇಳಿಯುತ್ತವೆ. ಇನ್ನೊಮ್ಮೆ ಹೀಗೆಯೇ ಕೇಳಿದರೆ ಎರಡು. ಮೂರನೆಯ ಪ್ರಶ್ನೆಗೆ ಊರು ಸಿಕ್ಕಿಬಿಡುತ್ತದೆ.

ನೀವೀಗ ಪಡೆದದ್ದೇ ಮಾಹಿತಿ. ತಿಳಿಯದೆ ಇದ್ದದ್ದನ್ನು ಎಷ್ಟು ಕಡಿಮೆ ಮಾಡಿತೋ ಅಷ್ಟು ಅದರ ಅಳತೆ. ಈ ಅಳತೆಯನ್ನು 1948ರಲ್ಲಿ ಗಣಿತದ ರೂಪಕ್ಕೆ ತಂದವರು ಅಮೆರಿಕದ ಕ್ಲಾಡ್ ಶ್ಯಾನನ್. ಎರಡೂ ಸಮಸಾಧ್ಯವಾಗಿರುವಾಗ ಸಿಗುವ ಒಂದು ಹೌದು-ಅಲ್ಲದ ಉತ್ತರಕ್ಕೆ ‘ಬಿಟ್’ ಎಂದು ಹೆಸರು. ನಿಮ್ಮ ಊರು ಸಿಕ್ಕಿದ್ದು ಮೂರು ಬಿಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ‘ಬೈಟ್’. ಸದ್ಯಕ್ಕೆ ಇಷ್ಟು ಗಣಿತ ಸಾಕು.

ಈಗ ಚಿಂಚೋಳಿಯ ಒಂದು ತೊಗರಿ ಹೊಲಕ್ಕೆ ಬನ್ನಿ. ಒಂದು ಕಾಳನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ. ಬಿತ್ತಿದರೆ ಅದು ತೊಗರಿಯಾಗಿಯೇ ಏಳುತ್ತದೆ, ಕಡಲೆಯಾಗಿ ಅಲ್ಲ. ಹೇಗೆ ಬೆಳೆಯಬೇಕೆಂಬುದು ಅದರೊಳಗೇ ಬರೆದಿದೆ. ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲಿಯೂ ‘ಡಿಎನ್‌ಎ’ ಎಂಬ ಬಹು ಉದ್ದನೆಯ ಎಳೆಯಿದೆ. ನಾಲ್ಕೇ ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳು ಅದರ ಮೇಲೆ ಸಾಲಾಗಿ ಕೂತಿವೆ. ತೊಗರಿಯ ಈ ಬರಹವನ್ನು ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಮುಂದಾಳತ್ವದಲ್ಲಿ ವಿಜ್ಞಾನಿಗಳು ಓದಿ 2011ರಲ್ಲಿ ಪ್ರಕಟಿಸಿದರು.

ಮನುಷ್ಯನ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ನಾಲ್ಕರಲ್ಲಿ ಒಂದನ್ನು ಗುರುತಿಸಲು ಎರಡು ಪ್ರಶ್ನೆ ಬೇಕು, ಅಂದರೆ ಎರಡು ಬಿಟ್. ಒಟ್ಟು 600 ಕೋಟಿ ಬಿಟ್. ಎಂಟರಿಂದ ಭಾಗಿಸಿದರೆ 75 ಕೋಟಿ ಬೈಟ್. ನಿಮ್ಮ ಮೊಬೈಲಿನ ಒಂದು ಮೂಲೆಯಲ್ಲಿ ಹಿಡಿಯುವಷ್ಟು! ಈ ಬರಹ ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಬದುಕಿ ಸಂತಾನ ಬೆಳೆಸಲು ನೆರವಾದ ಬದಲಾವಣೆಗಳು ಹೆಚ್ಚು ಹರಡುತ್ತವೆ. ಜೀವವಿಕಾಸದ ಮುಖ್ಯ ನಡೆ ಇದು. ಬಹಳ ನಿಧಾನದ ನಡೆ.

ಆದರೆ ಒಂದು ಮಾತನ್ನು ಗಮನಿಸಿ. ಆ 75 ಕೋಟಿ ಬೈಟುಗಳಲ್ಲಿ ಕನ್ನಡವಿಲ್ಲ. ತೊಗರಿ ಯಾವ ಮಳೆಗೆ ಬಿತ್ತಬೇಕೆಂಬುದೂ ಇಲ್ಲ. ಇವೆಲ್ಲ ಒಬ್ಬರು ಇನ್ನೊಬ್ಬರಿಗೆ ಕಲಿಸಿದರೆ ಮಾತ್ರ ದಾಟುತ್ತವೆ. ಮನುಷ್ಯನನ್ನು ಮನುಷ್ಯನನ್ನಾಗಿ ಮಾಡಿದ್ದರಲ್ಲಿ ದೇಹದ ಹೊರಗಿನ ಈ ಎರಡನೆಯ ಹೊಳೆಗೆ ದೊಡ್ಡ ಪಾಲಿದೆ.

ಅದರ ಬಹು ಹಳೆಯ ಗುರುತೊಂದು ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿದೆ. ಶಹಾಬಾದಿನ ಪರ್ಸಿ, ಅಂದರೆ ಮನೆಗೆ ಹಾಸುವ ಚಪ್ಪಡಿ, ಭೀಮಾ ಕೊಳ್ಳದ ಸುಣ್ಣದಕಲ್ಲು ಎಂದು ನಿಮಗೆ ಗೊತ್ತಿರಬಹುದು. ಅದೇ ಕೊಳ್ಳದ ಸುಣ್ಣದಕಲ್ಲಿನಿಂದ ಆದಿಮಾನವರು ಕೈಗೊಡಲಿ ಮಾಡಿದ ಜಾಗವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೋರಿಸಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ಲೆಕ್ಕ ಹಾಕಲಾಗಿದೆ. ಎಲ್ಲಿ ಹೊಡೆದರೆ ಕಲ್ಲು ಹೇಗೆ ಸೀಳುತ್ತದೆ ಎಂಬುದು ನೋಡಿ ಕಲಿಯುವ ವಿದ್ಯೆ. ನೋಡುವವರು ಇಲ್ಲವಾದರೆ ಆ ವಿದ್ಯೆ ಅಲ್ಲಿಗೇ ಮುಗಿಯಿತು.

ಮಾತು ಬಂದ ಮೇಲೆ ಕಣ್ಣೆದುರು ಇಲ್ಲದ್ದನ್ನೂ ಕಲಿಸಲು ಸಾಧ್ಯವಾಯಿತು. ಲಂಬಾಣಿ ಭಾಷೆಗೆ ತನ್ನದೇ ಸಾಂಪ್ರದಾಯಿಕ ಲಿಪಿಯಿಲ್ಲ. ಆದರೂ ತಾಂಡಾಗಳಲ್ಲಿ ಹಾಡುಗಳು ಬಾಯಿಂದ ಕಿವಿಗೆ ದಾಟುತ್ತ ಬಂದಿವೆ. ಮುಂದಿನ ಹೆಜ್ಜೆ ಬರಹ. ಹೇಳಿದವರು ಹೋದ ಮೇಲೂ ಹೇಳಿದ್ದು ಉಳಿಯುವ ಉಪಾಯ.

ಬರಹ ಉಳಿದರೆ ಸಾಕೆ? ಚಿತ್ತಾಪುರ ತಾಲ್ಲೂಕಿನ ಸನ್ನತಿ ಇದಕ್ಕೆ ಉತ್ತರ ಕೊಡುತ್ತದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಆಗ ತಿಳಿಯಿತು. ವಿಗ್ರಹ ನಿಲ್ಲಿಸಲು ನಡುವೆ ಕೊರೆದ ತೂತಿನಲ್ಲಿ ಕೆಲವು ಅಕ್ಷರಗಳು ಹೋಗಿಬಿಟ್ಟಿದ್ದವು. ತಪ್ಪು ಯಾರದೂ ಅಲ್ಲ. ಆ ಶಾಸನದ ಬ್ರಾಹ್ಮಿ ಲಿಪಿಯನ್ನು ಓದುವವರೇ ಇಲ್ಲದೆ ಶತಮಾನಗಳು ಕಳೆದಿದ್ದವು. ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದಿದ್ದು 1837ರಲ್ಲಿ. ಕಲ್ಲಿನಲ್ಲಿ ಬಿಟ್‌ಗಳಿದ್ದವು, ಓದುಗರಿರಲಿಲ್ಲ. ಓದುಗರಿಲ್ಲದ ಬರಹ ಬರಿಯ ಕಲ್ಲು.

ಇದೇ ತಾಲ್ಲೂಕಿನ ನಾಗಾವಿಯವರು ಈ ಪಾಠವನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. 1058ರ ಶಾಸನವೊಂದು ಅದರ ವ್ಯವಸ್ಥೆಯನ್ನು ವಿವರಿಸುತ್ತದೆ: ಸುಮಾರು 250 ವಿದ್ಯಾರ್ಥಿಗಳು, ವೇದಕ್ಕೆ ಮೂವರು ಮತ್ತು ಶಾಸ್ತ್ರಕ್ಕೆ ಮೂವರು ಗುರುಗಳು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಭಂಡಾರಿಗರೆಂದರೆ ಗ್ರಂಥಗಳನ್ನು ಕಾಯುವವರು. ಗುರುಗಳು ಎಷ್ಟೋ ಗ್ರಂಥಪಾಲಕರೂ ಅಷ್ಟೇ! ಈ ಸಂಖ್ಯೆಯನ್ನು ಓದಿದಾಗಲೆಲ್ಲ ನನಗೆ ಆ ಜನರ ಮೇಲೆ ಗೌರವ ಉಕ್ಕುತ್ತದೆ. ಓಲೆಗರಿಗೆ ಹುಳು ಹತ್ತುತ್ತದೆ. ಕಾಲಕಾಲಕ್ಕೆ ಹೊಸ ಗರಿಗೆ ನಕಲು ಮಾಡಲೇಬೇಕು. ಮಳಖೇಡದ ರಾಷ್ಟ್ರಕೂಟರ ಕಾಲದಲ್ಲಿ, ಸುಮಾರು 850ರಲ್ಲಿ ರಚನೆಯಾದ ‘ಕವಿರಾಜಮಾರ್ಗ’ 1898ರಲ್ಲಿ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾಯಿತು. ನಡುವಿನ ಸಾವಿರ ವರ್ಷ ಅದನ್ನು ಉಳಿಸಿದವರು ಹೆಸರೇ ತಿಳಿಯದ ಲಿಪಿಕಾರರು.

ಈಗ ಮುಂದಿನ ಕಾಲಕ್ಕೆ ಬರೋಣ. ನಕಲು ಮಾಡುವುದು ಇಂದು ಬೆರಳ ತುದಿಯ ಕೆಲಸ. ಎರಡು ಹೊಳೆಗಳೂ ಸೇರತೊಡಗಿವೆ: ಹೊರಗಿನ ವಿದ್ಯೆಯ ಬಲದಿಂದ ಬೀಜದೊಳಗಿನ ಅಕ್ಷರವನ್ನೇ ತಿದ್ದುವ ಶಕ್ತಿ ನಮಗೆ ಬಂದಿದೆ. ಮನುಷ್ಯರ ಬರಹವನ್ನು ಅಪಾರವಾಗಿ ಓದಿಸಿ ಉತ್ತರ ಹೇಳುವ ಯಂತ್ರಗಳನ್ನೂ ಕಟ್ಟಿದ್ದೇವೆ. ಆದರೆ ಎಲ್ಲಿಯೂ ದಾಖಲಾಗದ ತಾಂಡಾದ ಹಾಡು ಅಂಥ ಯಂತ್ರಕ್ಕೆ ಸಿಗದು. ಸುಳ್ಳು ಕೂಡ ನಿಜದಷ್ಟೇ ಸಲೀಸಾಗಿ ನಕಲಾಗುತ್ತದೆ. ಸನ್ನತಿಯ ಕಲ್ಲಿನ ಮೇಲಿರುವ ಅಶೋಕನ 12ನೆಯ ಶಾಸನ ಮಾತಿನ ಮೇಲೆ ಹಿಡಿತವಿರಲಿ ಎಂದು ಬುದ್ಧಿ ಹೇಳುತ್ತದೆ. ಒಂದು ಸಂದೇಶವನ್ನು ಮುಂದೆ ಕಳಿಸುವ ಮೊದಲು ಅದನ್ನು ನೆನೆದರೆ ಒಳಿತು. ಸಂಗ್ರಹಿಸುವ ಜಾಗಕ್ಕೆ ನಮಗೆ ಕೊರತೆಯಿಲ್ಲ. ಆರಿಸಿ, ಪರೀಕ್ಷಿಸಿ, ಕಾಪಾಡುವ ಭಂಡಾರಿಗರು ಬೇಕು.

ಕೊನೆಗೆ ನಿಮಗೊಂದು ಮನೆಗೆಲಸ. ನಿಮ್ಮ ಮನೆಯ ಹಿರಿಯರ ಬಳಿ ಒಂದು ಸಂಜೆ ಕುಳಿತುಕೊಳ್ಳಿ. ತೊಗರಿಯ ಕಾಳನ್ನು ಹುಳು ಹತ್ತದಂತೆ ಹೇಗೆ ಇಡುತ್ತಿದ್ದರು, ಪರ್ಸಿಯನ್ನು ಹೇಗೆ ಸೀಳುತ್ತಿದ್ದರು, ಬಾಣಂತಿಗೆ ಯಾವ ಹಾಡು ಹಾಡುತ್ತಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ಪುಟ ಬರೆಯಿರಿ. ಕೆಳಗೆ ಹೇಳಿದವರ ಹೆಸರು, ಊರು, ತಾರೀಖು ಇರಲಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ನಾಗಾವಿಯ ಆ ಆರು ಮಂದಿಯ ಕೆಲಸ ನಿಮಗೆ ಅಲ್ಲಿಂದಲೇ ಪರಿಚಯವಾಗುತ್ತದೆ.