ಅಕ್ಷರಕ್ಕೆ ಮೊದಲು ಮಾತು



‘ವಚನ’ ಎಂಬ ಪದದ ಅರ್ಥವೇ ಆಡಿದ ಮಾತು. ಹನ್ನೆರಡನೆಯ ಶತಮಾನದ ಶರಣರ ಅನುಭಾವವು ಮೊದಲು ನುಡಿಯಾಗಿ ಹೊಮ್ಮಿ, ಅನಂತರ ಓಲೆಗರಿಯನ್ನು ಸೇರಿತು. ಮಗುವಿನ ಬೆಳವಣಿಗೆಯ ಕ್ರಮವೂ ಇದೇ. ಕೇಳುವುದು, ಆಡುವುದು, ಓದುವುದು, ಬರೆಯುವುದು ಒಂದರ ಮೇಲೊಂದು ನಿಂತ ಮೆಟ್ಟಿಲುಗಳು. ಕೆಳಗಿನದು ಸಡಿಲವಾಗಿದ್ದರೆ ಮೇಲಿನದು ಅಲುಗಾಡುತ್ತದೆ.

ಕಪ್ಪುಹಲಗೆಯ ಮೇಲಿನ ಸಾಲನ್ನು ಮುತ್ತು ಪೋಣಿಸಿದಂತೆ ನಕಲು ಮಾಡುವ ಮಗು, ‘ಬರೆದುದನ್ನು ಓದು’ ಎಂದಾಗ ತಲೆ ತಗ್ಗಿಸುವುದುಂಟು. ನಾವು ಅದನ್ನು ದಡ್ಡ, ಸೋಮಾರಿ ಎಂದು ಕರೆದುಬಿಡುತ್ತೇವೆ. ಆ ಹೆಸರು ಮಗುವಿಗೆ ಅಂಟಿಕೊಂಡರೆ ಮುಂದೆ ಅದೇ ನಿಜವೆಂದು ಮಗುವೂ ನಂಬುತ್ತದೆ. ಇಂತಹ ಮಕ್ಕಳಲ್ಲಿ ಅನೇಕರ ತೊಡಕು ಇರುವುದು ಬುದ್ಧಿಯಲ್ಲಲ್ಲ, ನುಡಿಯ ಧ್ವನಿಗಳನ್ನು ಬಿಡಿಸಿ ಗ್ರಹಿಸುವಲ್ಲಿ. ಇದನ್ನು ಗುರುತಿಸಿ ಸರಿಪಡಿಸಲು ನೆರವಾಗುವವರೇ ವಾಕ್ ಮತ್ತು ಭಾಷಾ ಚಿಕಿತ್ಸಕರು. ಅವರ ಕೆಲಸ ತೊದಲು, ಉಗ್ಗು ತಿದ್ದುವುದಷ್ಟೇ ಎಂಬ ತಿಳಿವಳಿಕೆ ಅಪೂರ್ಣವಾದುದು.

ಮನೆಮಾತು ದೋಷವಲ್ಲ

ಸುಳ್ಯ ತಾಲ್ಲೂಕಿನ ಗುತ್ತಿಗಾರು ಗ್ರಾಮವನ್ನು ಗಮನಿಸೋಣ. ಇಲ್ಲಿ ಒಂದು ಮನೆಯಲ್ಲಿ ಅರೆಭಾಷೆ, ಇನ್ನೊಂದರಲ್ಲಿ ತುಳು. ಶಾಲೆಯಲ್ಲಿ ಪುಸ್ತಕದ ಕನ್ನಡ. ಬೆಕ್ಕಿನ ಚಿತ್ರ ತೋರಿಸಿದಾಗ ತುಳು ಮನೆಯ ಮಗು ‘ಪುಚ್ಚೆ’ ಎನ್ನುತ್ತದೆ. ಅದನ್ನು ತಪ್ಪೆಂದು ಗದರಿದರೆ ಮಗು ಬಾಯಿ ಮುಚ್ಚುತ್ತದೆ. ಚಿಕಿತ್ಸಕರಾದರೋ ಅದನ್ನು ತಿಳಿದ ಪದವೆಂದೇ ಎಣಿಸಿ, ಅದರ ಪಕ್ಕದಲ್ಲಿ ‘ಬೆಕ್ಕು’ ಎಂಬುದನ್ನು ಕೂಡಿಸುತ್ತಾರೆ. ಎರಡು ಭಾಷೆ ಕೇಳುವುದರಿಂದ ಮಾತು ಕುಂಠಿತವಾಗುವುದಿಲ್ಲ. ಆದರೆ ಮನೆಮಾತಿನಲ್ಲಿಯೂ ಮಗು ಹಿಂದುಳಿದಿದ್ದರೆ ‘ಭಾಷೆ ಬೇರೆಯಾದ್ದರಿಂದ ಹೀಗೆ’ ಎಂದು ಸುಮ್ಮನಿರಬಾರದು. ಈ ವ್ಯತ್ಯಾಸವನ್ನು ನಾವು ಚೆನ್ನಾಗಿ ನೆನಪಿಡಬೇಕು.

ಕನ್ನಡ ಲಿಪಿಯ ಬಗೆ

ನಮ್ಮ ಲಿಪಿ ಉಚ್ಚಾರಕ್ಕೆ ಹತ್ತಿರವಾದುದು ನಿಜ. ಆದರೂ ಕಾಗುಣಿತ, ಒತ್ತಕ್ಷರಗಳು ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ‘ಸೂರ್ಯ’ ಎಂಬಲ್ಲಿ ಊಕಾರದ ಬಳಿಕ ಕಿವಿಗೆ ಮೊದಲು ಬೀಳುವುದು ರಕಾರ, ಕಣ್ಣಿಗೆ ಮೊದಲು ಕಾಣುವುದು ಯಕಾರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷ್ ಅಕ್ಷರಗಳ ಕಲಿಕೆಗಿಂತ ಕನ್ನಡ ಅಕ್ಷರಗಳ ಕಲಿಕೆಗೆ ಹೆಚ್ಚು ಕಾಲ ಬೇಕೆಂದು ತೋರಿಸಿದೆ. ಆದ್ದರಿಂದ ಒಂದನೆಯ ತರಗತಿಯಲ್ಲೇ ಎಲ್ಲವೂ ಬರಲೆಂಬ ಆತುರ ಸಲ್ಲದು.

ಚಿಕಿತ್ಸೆಯ ಕ್ರಮ

ಚಿಕಿತ್ಸೆಗೆ ಮೊದಲು ಶ್ರವಣ ಪರೀಕ್ಷೆ ನಡೆಯಬೇಕು. ಪದೇ ಪದೇ ಕಿವಿ ಸೋರುವ ಮಗುವಿಗೆ ಶಬ್ದಗಳು ಮಸುಕಾಗಿ ಕೇಳಿಸಬಹುದು. ಬಳಿಕ ಆಟದ ಮೂಲಕ ಧ್ವನಿಯ ಅರಿವನ್ನು ಬೆಳೆಸುತ್ತಾರೆ. ‘ಅ-ಡಿ-ಕೆ’ ಎಂದು ಮೂರು ಚಪ್ಪಾಳೆ, ‘ಮ-ಳೆ’ ಎಂದು ಎರಡು. ‘ಮರಳು’ ಪದದಿಂದ ‘ಳು’ ತೆಗೆದರೆ ಉಳಿಯುವುದೇನು? ‘ಹಳೆ’ ಮತ್ತು ‘ಹಾಳೆ’ ಒಂದೆಯೇ? ಹೀಗೆ ಕಿವಿ ಹದವಾದ ಮೇಲೆ ಆ ಧ್ವನಿಗೆ ಅಕ್ಷರವನ್ನು ಜೋಡಿಸುತ್ತಾರೆ. ಪದಸಂಪತ್ತು ಹೆಚ್ಚಿಸುವುದು, ಕಥೆಯನ್ನು ಕ್ರಮವಾಗಿ ಹೇಳಿಸುವುದು ಇವೂ ಚಿಕಿತ್ಸೆಯ ಭಾಗವೇ. ಅರ್ಥ ತಿಳಿಯದ ಪದವನ್ನು ಕೂಡಿಸಿ ಓದಿದರೂ ಅದು ಓದಾಗಲಾರದು.

ಮನೆಯ ಪಾತ್ರ

ಇವುಗಳಲ್ಲಿ ಬಹುಪಾಲನ್ನು ಮನೆಯಲ್ಲಿಯೇ ಮಾಡಬಹುದು. ಅಂಗಳದಲ್ಲಿ ಅಡಿಕೆ ಒಣಗಿಸುವಾಗ ಅಜ್ಜಿ ಕಥೆ ಹೇಳಲಿ. ನಡುವೆ ನಿಲ್ಲಿಸಿ ‘ಮುಂದೇನಾಯಿತು?’ ಎಂದು ಕೇಳಲಿ. ಅದು ಮನೆಮಾತಿನಲ್ಲಿದ್ದರೆ ಒಳ್ಳೆಯದೇ. ಮಗುವಿನ ಉತ್ತರಕ್ಕೆ ತಾಳ್ಮೆಯಿಂದ ಕಾಯೋಣ. ದಿನಕ್ಕೆ ಹತ್ತು ನಿಮಿಷ ಚಿತ್ರಪುಸ್ತಕ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ಓದಿ ಹೇಳೋಣ.

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸದಿದ್ದರೆ, ನಾಲ್ಕು ವರ್ಷಕ್ಕೂ ಹೊರಗಿನವರಿಗೆ ಮಾತು ಅರ್ಥವಾಗದಿದ್ದರೆ ತಡಮಾಡದೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿ, ಶಾಲೆಗಳಿಗೆ ಬಂದಾಗ ಈ ಸಂಶಯವನ್ನು ಮುಚ್ಚಿಡದೆ ತಿಳಿಸೋಣ. ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಈ ಸೇವೆ ದೊರೆಯುತ್ತದೆ. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವೂ ಮೈಸೂರು ಮತ್ತು ಧಾರವಾಡಗಳಲ್ಲಿ ವಾಕ್ ಶ್ರವಣ ಸಂಸ್ಥೆಗಳನ್ನು ನಡೆಸುತ್ತಿದೆ.

ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ಧರ್ಮವೆಂದು ಬಗೆದ ಪರಂಪರೆ ನಮ್ಮದು. ಮಗುವಿನ ಮಾತಿಗೆ ಕಿವಿಗೊಡುವುದೇ ಆ ದಾಸೋಹದ ಮೊದಲ ತುತ್ತು. ಇಂದು ಸಂಜೆ ನಮ್ಮ ಮನೆಯ ಮಗುವಿನಿಂದ ಒಂದು ಕಥೆ ಕೇಳೋಣ.